ಮೂರು ಸುತ್ತಿನ ಮರ್ಯಾದೆ

ವೈನೊ ಹಕಾಲಾ ಲಂಚ ತಿಂದವರಲ್ಲ. ಮೀನು ತಿಂದಿದ್ದಾರೆ, ಹೌದು. ಹೊಗೆ ಕೊಟ್ಟು ಹದ ಮಾಡಿದ ಸರೋವರದ ಮೀನು. ನನ್ನ ಎದುರಿನ ಮೇಜಿನಲ್ಲೇ ಕೂತು ತಿಂದಿದ್ದಾರೆ, ಬಾಲದ ಕಡೆಯ ಅರ್ಧ ನನಗೂ ಕೊಟ್ಟಿದ್ದಾರೆ. ಆದರೆ ಲಂಚ ತಿಂದವರಲ್ಲ. ಇದನ್ನು ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ಟ್ಯಾಮರಾಕ್ ಕೌಂಟಿಯೆಂಬ ನಮ್ಮ ಈ ಉತ್ತರದ ಜಿಲ್ಲೆಯಲ್ಲಿ ಯಾರೂ ಯಾವ ಕಥೆಯನ್ನೂ ಕೊನೆಯವರೆಗೆ ಕೇಳುವುದಿಲ್ಲ. ಕಾಫಿ ಮುಗಿದೊಡನೆ ಎದ್ದು ಹೋಗುತ್ತಾರೆ.

ನಾವಿಬ್ಬರೂ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ನಕ್ಷೆಯ ಕೆಲಸದವರು. ಅವರು ಮೂವತ್ತೊಂದು ವರ್ಷದಿಂದ, ನಾನು ಮೂರು ವರ್ಷದಿಂದ. ಅವರು ಬರೆಯುವುದು, ನಾನು ತಪಾಸಣೆ ಮಾಡುವುದು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂಥವರ ಕೆಲಸದಲ್ಲಿ ತಪ್ಪು ಹುಡುಕುವುದು ಯಾವ ನ್ಯಾಯ ಎಂದು ನನ್ನನ್ನು ಕೇಳಬೇಡಿ, ಮೇಲಿನ ಮಹಡಿಯವರನ್ನು ಕೇಳಿ. ಕಣ್ಣು ಚುರುಕು, ಬಾಯಿ ಜೋರು. ಜೋನಿ ಲಾಹ್ತಿ ಎಂಬ ನನ್ನ ಅರ್ಹತೆ ಅಷ್ಟೇ.

ನಮ್ಮ ನಕ್ಷೆಯ ಸಾಫ್ಟ್‌ವೇರಿನಲ್ಲಿ ಮೂರು ಉಪಕರಣಗಳಿದ್ದವು. ರಸ್ತೆ ಎಳೆಯುವ ಉಪಕರಣದಲ್ಲಿ ಒಂದೊಂದು ಕ್ಲಿಕ್ಕಿಗೆ ಒಂದೊಂದು ಚುಕ್ಕಿ ಬೀಳುತ್ತದೆ, ಗೆರೆ ಮುಗಿಸಲು ಡಬಲ್ ಕ್ಲಿಕ್. ಜಮೀನು ಕತ್ತರಿಸುವ ಉಪಕರಣದಲ್ಲಿ ಮುಗಿಸಲು ಮೌಸಿನ ಬಲಗುಂಡಿ. ಜಾಗ ಸರಿಸುವ ಉಪಕರಣದಲ್ಲಿ ಒತ್ತಿ ಹಿಡಿದು, ಎಳೆದು, ಬಿಟ್ಟರೆ ಮುಗಿಯಿತು. ಅಲ್ಲಿ ಬಲಗುಂಡಿ ಒತ್ತಿದರೆ ಹಿಡಿದದ್ದೇ ಅಳಿಸಿಹೋಗುತ್ತದೆ. ಮೊದಲನೆಯದನ್ನು ಮಾಡಿದವನು ಕೆಲಸ ಬಿಟ್ಟು ಹೋಗಿದ್ದ. ಎರಡನೆಯದನ್ನು ಯಾರದೋ ಸೋದರಳಿಯ ಒಂದು ಬೇಸಿಗೆ ರಜೆಯಲ್ಲಿ ಮಾಡಿದ್ದ. ಮೂರನೆಯದು ಹೊರಗಿನಿಂದ ತರಿಸಿದ್ದು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಂದೇ ಮನೆಗೆ ಮೂರು ಬಾಗಿಲು: ಒಂದನ್ನು ತಳ್ಳಬೇಕು, ಒಂದನ್ನು ಎಳೆಯಬೇಕು, ಇನ್ನೊಂದನ್ನು ಮುಟ್ಟಿದರೆ ಗೋಡೆ ಬೀಳುತ್ತದೆ.

ಅಕ್ಟೋಬರಿನಲ್ಲಿ ನಮ್ಮ ಮೇಲಧಿಕಾರಿ ಮಾರ್ಲಿಸ್ ಟ್ರೆಗೇರ್ ತಾವೇ ಕೂತು ಅಗ್ನಿಶಾಮಕ ಠಾಣೆಯನ್ನು ನಕ್ಷೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿಸಲು ಹೋದರು. ಸರಿಸಿದರು, ಮುಗಿಯಿತು ಎಂದುಕೊಂಡು ಬಲಗುಂಡಿ ಒತ್ತಿದರು. ಠಾಣೆ ಮಾಯ. ನಾಲ್ಕು ದಿನ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ದಿನ ಕೌಂಟಿಯಲ್ಲಿ ಎಲ್ಲೂ ಬೆಂಕಿಯೂ ಬೀಳಲಿಲ್ಲ, ಇದರಿಂದ ಠಾಣೆಯವರಿಗೆ ಇನ್ನೂ ಹೆಚ್ಚು ಅವಮಾನವಾಯಿತು.

ಮೇಲಧಿಕಾರಿಯ ಕೈಯಿಂದ ತಪ್ಪಾದರೆ ಅದು ತಪ್ಪಲ್ಲ, ಅದು ವ್ಯವಸ್ಥೆಯ ಲೋಪ. ಕೂಡಲೇ ಒಂದು ಸಮಿತಿಯಾಯಿತು. ಮೂರೂ ಉಪಕರಣಗಳಲ್ಲಿ ಮೌಸ್ ಒಂದೇ ರೀತಿ ನಡೆದುಕೊಳ್ಳುವಂತೆ ನಿಯಮ ಮಾಡಬೇಕು. ದಕ್ಷಿಣದ ದೊಡ್ಡ ಊರಿನಿಂದ ಶೆಲ್ಬಿ ಎಂಬ ತಜ್ಞೆ ಬರುತ್ತಾರೆ, ಅವರ ಜೊತೆ ಕೂರಲು ನಕ್ಷೆ ವಿಭಾಗದಿಂದ ಒಬ್ಬರು ಬೇಕು. ಯಾರು ಎಂದು ಮಾರ್ಲಿಸ್ ಕೇಳಿದಾಗ ನಾನು ನೆಲ ನೋಡಿದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಯಾವುದಕ್ಕೂ ಕೈ ಎತ್ತದ ವೈನೊ ಹಕಾಲಾ ಕೈ ಎತ್ತಿದರು. ಎಡಗೈ. ಆಗ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದಾದ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಯಾರೋ ಅವರನ್ನು ಆಫೀಸು ಹೇಗಿದೆ ಎಂದು ಸುಮ್ಮನೆ ಕೇಳಿದರಂತೆ. ಇವರು ಅರ್ಧ ಲೋಟ ಕಾಫಿ ಎಡಗೈಯಲ್ಲಿ ಹಿಡಿದು, ಇನ್ನು ಮೇಲೆ ಈ ಕೌಂಟಿಯ ನಕ್ಷೆಯಲ್ಲಿ ಮೌಸ್ ಹೇಗೆ ನಡೆಯಬೇಕು ಅನ್ನೋದನ್ನ ನಾನೇ ತೀರ್ಮಾನ ಮಾಡೋದು ಎಂದುಬಿಟ್ಟರು. ಪಾಪ, ಬಾಳಿನಲ್ಲಿ ಅವರು ಕೊಚ್ಚಿಕೊಂಡದ್ದು ಅದೊಂದೇ ಮಾತು. ಅಷ್ಟಕ್ಕೇ ಸಾಕಾಯಿತು.

ನವೆಂಬರಿನಲ್ಲಿ ಹಿಮ ಶುರುವಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮನುಷ್ಯನಿಗೂ ಸರ್ಕಾರಕ್ಕೂ ಇರುವ ಸಂಬಂಧವೆಂದರೆ ಮನೆ ಮುಂದಿನ ದಿಬ್ಬ. ಹಿಮ ತಳ್ಳುವ ಲಾರಿ ಓಣಿಯ ಕೊನೆಯವರೆಗೆ ಬರುತ್ತದೆ, ತಳ್ಳಿಕೊಂಡು ಬಂದ ಹಿಮವನ್ನೆಲ್ಲ ಕೊನೆಯ ಮನೆಯ ಬಾಯಿಗೆ ತುರುಕಿ, ಹಿಂದಕ್ಕೆ ಹೋಗಿಬಿಡುತ್ತದೆ. ಮನೆಯವರು ಸಲಿಕೆ ಹಿಡಿದು ಸೊಂಟದೆತ್ತರದ ದಿಬ್ಬ ಒಡೆಯಬೇಕು. ಒಡೆದು ಒಳಗೆ ಹೋಗಿ ಕೈಗವಸು ಬಿಚ್ಚುವಷ್ಟರಲ್ಲಿ ಲಾರಿ ಮತ್ತೆ ಬರುತ್ತದೆ. ನಮ್ಮೂರಲ್ಲಿ ಗಂಡ ಹೆಂಡಿರ ಜಗಳಕ್ಕಿಂತ ಈ ದಿಬ್ಬದ ಜಗಳ ಹಳೆಯದು.

ಆ ವರ್ಷ ಐಲಿ ಕಾಂಗಸ್ ಅಜ್ಜಿಯ ಓಣಿಗೆ ಬಂದ ಲಾರಿ ಹಿಂದಕ್ಕೆ ಹೋಗಲಿಲ್ಲ. ಕೊನೆಯಲ್ಲಿ ಒಂದು ಸುತ್ತು ಹೊಡೆಯಿತು. ಆಮೇಲೆ ಎರಡನೆಯ ಸುತ್ತು. ಆಮೇಲೆ ಮೂರನೆಯದು. ದಿಬ್ಬ ಪೂರಾ ಕಾಡಿನ ಕಡೆಗೆ ಹೋಯಿತು. ಎಂಬತ್ತೊಂದು ವರ್ಷದ ಅಜ್ಜಿಯ ಮನೆ ಮುಂದೆ ನಾಟ್ಯ ಮಾಡುವಷ್ಟು ದೊಡ್ಡ ಗುಂಡನೆಯ ಅಂಗಳ. ಅಜ್ಜಿ ಕಿಟಕಿಯಲ್ಲಿ ನಿಂತು ನೋಡಿ, ಮೊದಲು ಚಾಲಕನಿಗೆ ತಲೆ ಕೆಟ್ಟಿದೆ ಅಂದುಕೊಂಡಳಂತೆ.

ಚಾಲಕ ರೂಡಿ ಬೋಷಾಂನ ತಲೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಮನಸ್ಸು. ಹಿಂದಿನ ಚಳಿಗಾಲದಲ್ಲಿ ಅವನು ಲಾರಿಯೊಳಗೆ ದಾರಿ ತೋರಿಸುವ ನಕ್ಷೆಯ ಪರದೆ ಹೇಳಿದ್ದನ್ನು ಬಿಟ್ಟು ತನ್ನ ಇಷ್ಟದ ದಾರಿ ಹಿಡಿದನೆಂದು ಮೇಲಿನವರು ಅವನಿಗೆ ನೋಟಿಸು ಕೊಟ್ಟಿದ್ದರು. ಅಂದಿನಿಂದ ರೂಡಿ ಸೇಡಿಗೆ ಶಿಸ್ತು ಹಿಡಿದಿದ್ದ. ಪರದೆ ಏನು ಹೇಳಿದರೆ ಅದು. ಒಂದು ಸಲ ತಿರುಗು ಅಂದರೆ ಒಂದು ಸಲ, ಮೂರು ಸಲ ಅಂದರೆ ಮೂರು. ಸರೋವರಕ್ಕೆ ಇಳಿ ಅಂದರೆ ಇಳಿಯುತ್ತಿದ್ದ, ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು. ಅಜ್ಜಿ ಕೇಳಿದಾಗ ಗಾಜು ಇಳಿಸಿ, ನಂದೇನಿಲ್ಲ ಐಲಿ, ನಕ್ಷೆ ಹೇಳ್ದಂಗೆ ತಿರುಗ್ತೀನಿ, ನಕ್ಷೆ ಬರೆಯೋದು ವೈನೊ ಎಂದ.

ಐಲಿ ಅಜ್ಜಿ ಒಳಗೆ ಹೋಗಿ ಫೋನು ಹಿಡಿದಳು. ಸಂಜೆಯೊಳಗೆ ಇಡೀ ಕೌಂಟಿಗೆ ಗೊತ್ತಾಯಿತು: ವೈನೊಗೆ ಅಧಿಕಾರ ಬಂದಿದೆ, ತನಗೆ ಬೇಕಾದವರಿಗೆ ಸುತ್ತು ಕೊಡುತ್ತಿದ್ದಾನೆ.

ಮರುದಿನದಿಂದ ನಮ್ಮ ನೆಲಮಾಳಿಗೆಗೆ ಜನ ಬರತೊಡಗಿದರು. ನನ್ನ ಮೂರು ವರ್ಷದಲ್ಲಿ ಅಲ್ಲಿಗೆ ಬಂದ ಹೊರಗಿನವರೆಂದರೆ ಇಲಿ ಹಿಡಿಯುವವನು ಮಾತ್ರ. ಈಗ ಒಬ್ಬರು ಮೀನು ತಂದರು, ಒಬ್ಬರು ಏಲಕ್ಕಿ ಬ್ರೆಡ್ಡು ತಂದರು, ಒಬ್ಬರು ಮಾಂಸ ಗೆಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ತಂದರು. ಯಾರೂ ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ನಮ್ಮ ಜನ ಹಾಗೆ ಕೇಳುವವರಲ್ಲ. ತಂದದ್ದನ್ನು ಮೇಜಿನ ಮೇಲಿಟ್ಟು, ಹವೆಯ ಬಗ್ಗೆ ಎರಡು ಮಾತಾಡಿ, ಹೋಗುವಾಗ ಬಾಗಿಲಲ್ಲಿ ನಿಂತು, ನಮ್ಮ ಓಣಿಯ ಕೊನೆ ಬಹಳ ಇಕ್ಕಟ್ಟು ಎಂದು ಬಾಗಿಲಿಗೆ ಹೇಳುವಂತೆ ಹೇಳಿ ಹೋಗುತ್ತಿದ್ದರು. ವೈನೊಗೆ ಏನೂ ಅರ್ಥವಾಗುತ್ತಿರಲಿಲ್ಲ. ಸಮಿತಿಗೆ ಸೇರಿದ್ದಕ್ಕೆ ಜನ ಗೌರವ ತೋರಿಸುತ್ತಿದ್ದಾರೆ ಎಂದು ತಿಳಿದಿದ್ದರು. ನೋಡು ಮರಿ, ಒಳ್ಳೇ ಕೆಲಸಕ್ಕೆ ಜನ ಬೆಲೆ ಕೊಡ್ತಾರೆ ಎಂದು ನನಗೆ ಬುದ್ಧಿ ಹೇಳಿ ಬಾಲದ ತುಂಡು ಮುರಿದುಕೊಟ್ಟರು.

ಡಿಸೆಂಬರಿನಷ್ಟರಲ್ಲಿ ಊರು ಸುತ್ತಿನ ಮೇಲೆ ನಿಂತಿತ್ತು. ಎರಡು ಸುತ್ತಿನ ಮನೆಯವರು ಒಂದು ಸುತ್ತಿನವರಿಗೆ ಮೊದಲು ನಮಸ್ಕಾರ ಹೇಳುವುದನ್ನು ಬಿಟ್ಟರು. ಸುತ್ತೇ ಇಲ್ಲದವರು ಸೌನಾ ಎಂಬ ಹಬೆಮನೆಯಲ್ಲಿ ಒಟ್ಟಾಗಿ ಕೂತು ಬೆವರುತ್ತ ಸರ್ಕಾರವನ್ನು ಬೈದರು. ಮೂರು ಸುತ್ತಿನ ಐಲಿ ಅಜ್ಜಿ ಚರ್ಚಿನಲ್ಲಿ ಮುಂದಿನ ಸಾಲಿಗೆ ಬಂದು ಕೂತಳು.

ಸುತ್ತು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದವನು ನಾನು. ತಪಾಸಣೆಯಲ್ಲಿ ಅಜ್ಜಿಯ ಓಣಿಯನ್ನು ದೊಡ್ಡದು ಮಾಡಿ ನೋಡಿದೆ. ಗೆರೆಯ ತುದಿಯಲ್ಲಿ ಒಂದು ಚುಕ್ಕಿ ಇರಬೇಕಾದಲ್ಲಿ ಒಂದರ ಮೇಲೊಂದು ನಾಲ್ಕು ಚುಕ್ಕಿ. ಡಬಲ್ ಕ್ಲಿಕ್ ನಿಧಾನವಾದರೆ ಸಾಫ್ಟ್‌ವೇರು ಅದನ್ನು ಡಬಲ್ ಕ್ಲಿಕ್ ಅಂದುಕೊಳ್ಳುವುದಿಲ್ಲ; ಎರಡು ಬೇರೆ ಬೇರೆ ಕ್ಲಿಕ್ ಅಂದುಕೊಂಡು ಎರಡು ಚುಕ್ಕಿ ಇಡುತ್ತದೆ, ಗೆರೆ ಮುಗಿಸುವುದಿಲ್ಲ. ಮತ್ತೆ ಒತ್ತಬೇಕು. ಮತ್ತೆ ಚುಕ್ಕಿ. ಆ ಹೆಚ್ಚಿನ ಒಂದೊಂದು ಚುಕ್ಕಿಯನ್ನೂ ಲಾರಿಯ ಪರದೆ ಒಂದೊಂದು ಹೊಸ ರಸ್ತೆ ಎಂದು ಓದುತ್ತದೆ, ಉದ್ದವೇ ಇಲ್ಲದ ರಸ್ತೆ, ಮತ್ತು ರೂಡಿಗೆ ಹೇಳುತ್ತದೆ: ಇಲ್ಲಿ ತಿರುಗಿ. ಇಲ್ಲಿ ತಿರುಗಿ. ಇಲ್ಲಿ ತಿರುಗಿ.

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತೊಂದು ವರ್ಷದ ಅನುಭವವಂತೆ, ಮೌಸಿನ ನಿಯಮ ಬರೆಯುವವರಂತೆ, ಒಂದು ಗೆರೆ ಮುಗಿಸಲು ಬರುವುದಿಲ್ಲ. ಎದ್ದು ಅವರ ಮೇಜಿಗೆ ಹೋದೆ, ಬೈಯಲು ಬಾಯಿ ತೆರೆದೆ.

ಅವರು ಒಂದು ಗೆರೆಯ ಕೊನೆಗೆ ಬಂದಿದ್ದರು. ಬಲಗೈ ಮೌಸಿನ ಮೇಲಿತ್ತು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿತ್ತು, ತುಂಟ ಮಗುವನ್ನು ರಸ್ತೆ ದಾಟಿಸುವಾಗ ಹಿಡಿದಂತೆ. ಬೆರಳು ಒಂದು ಸಲ ಒತ್ತಿತು. ಎರಡನೆಯ ಸಲ ಒತ್ತುವ ಮೊದಲು ಗಾಳಿಯಲ್ಲಿ ತನ್ನಷ್ಟಕ್ಕೆ ಅಲುಗಾಡಿತು, ಅಲುಗಾಡಿತು, ಆಮೇಲೆ ಬಿತ್ತು. ತಡವಾಗಿತ್ತು. ಅವರು ಪರದೆ ನೋಡಿ ಉಸಿರು ಬಿಟ್ಟು ಮತ್ತೆ ಶುರು ಮಾಡಿದರು.

ನಾನು ಬಾಯಿ ಮುಚ್ಚಿದೆ. ಅವರು ತಿರುಗಿ ನೋಡಿದರು. ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು.

"ಎಷ್ಟು ದಿನದಿಂದ?" ಎಂದೆ.

"ಹೋದ ವರ್ಷದಿಂದ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದಾರೆ. ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ."

ನಾನು ಬರೆದುಕೊಡುತ್ತೇನೆ, ನೀವು ಪಕ್ಕದಲ್ಲಿ ಕೂತು ತೋರಿಸಿ ಸಾಕು ಎಂದೆ. ಅವರು ಒಪ್ಪಲಿಲ್ಲ. ಗೋಡೆಯ ಬದಿಗಿದ್ದ ಉದ್ದನೆಯ ಮರದ ಡ್ರಾಯರು ಎಳೆದು ತೋರಿಸಿದರು. ಕಂಪ್ಯೂಟರು ಬರುವ ಮೊದಲು ಅವರು ಕೈಯಾರೆ ಶಾಯಿಯಲ್ಲಿ ಬರೆದ ಇಡೀ ಕೌಂಟಿಯ ನಕ್ಷೆ, ಎಂಬತ್ತಾರು ಹಾಳೆ. ಕೂದಲಿನಷ್ಟು ಸಣ್ಣ ಗೆರೆ, ಎಲ್ಲೂ ಒಂದು ಕೊಂಕು ಇಲ್ಲ. ಅದನ್ನೆಲ್ಲ ಅವರೇ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತ ಬಂದಿದ್ದರು.

"ಇನ್ನು ಹನ್ನೊಂದು ಹಾಳೆ ಇದೆ ಜೋನಿ. ಶುರು ಮಾಡಿದ್ದು ನಾನು, ಮುಗಿಸೋದೂ ನಾನೇ. ಅಲ್ಲೀವರೆಗೆ ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ, ಅದೂ ಹೂವು ಕೊಟ್ಟು. ಇಷ್ಟೇ ನಾನು ನಿನ್ನ ಕೇಳೋದು."

ಹೇಳುವುದಿಲ್ಲ ಎಂದೆ.

ಅಮ್ಮನಾಣೆ, ಅಲ್ಲಿಗೆ ಎಲ್ಲ ಸರಿಮಾಡಬಹುದು ಎಂದುಕೊಂಡಿದ್ದೆ. ಹೆಚ್ಚಿನ ಚುಕ್ಕಿಗಳನ್ನು ಸದ್ದಿಲ್ಲದೆ ಅಳಿಸಿದರಾಯಿತು. ಐಲಿ ಅಜ್ಜಿಯ ಓಣಿಯಿಂದ ಶುರು ಮಾಡಿ ಒಂದು ಚುಕ್ಕಿ ತೆಗೆದೆ. ಮರುದಿನ ಬೆಳಿಗ್ಗೆ ಲಾರಿ ಎರಡೇ ಸುತ್ತು ಹೊಡೆಯಿತು. ಹತ್ತು ಗಂಟೆಗೆ ಅಜ್ಜಿ ಖುದ್ದಾಗಿ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಎರಡು ಮೀನು. ತಾನು ಏನು ತಪ್ಪು ಮಾಡಿದೆ ಎಂದು ವೈನೊ ಅವರನ್ನು ಕೇಳಿದಳು. ಕಳೆದ ಸಲದ ಬ್ರೆಡ್ಡು ಗಟ್ಟಿಯಾಗಿತ್ತೆ ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ಆಗಲೇ ವೈನೊಗೆ ತನ್ನ ಮೇಜಿನ ಮೇಲೆ ಬಂದು ಬಿದ್ದಿದ್ದೆಲ್ಲ ಏನು ಎಂದು ಅರ್ಥವಾದದ್ದು. ಅವರ ಮುಖ ಅಜ್ಜಿಯ ಬ್ರೆಡ್ಡಿಗಿಂತ ಬಿಳಿಯಾಯಿತು. ಅಜ್ಜಿ ಹೋದ ಮೇಲೆ ನಾನು ಚುಕ್ಕಿಯನ್ನು ಇದ್ದಲ್ಲೇ ವಾಪಸಿಟ್ಟೆ. ಸುತ್ತು ಅಳಿಸಿದರೂ ಪ್ರಶ್ನೆ, ಬಿಟ್ಟರೂ ಪ್ರಶ್ನೆ. ಮೀನನ್ನು ಆ ದಿನ ಯಾರೂ ಮುಟ್ಟಲಿಲ್ಲ.

ಇನ್ನುಳಿದದ್ದು ಒಂದೇ ದಾರಿ. ಸಮಿತಿ. ಡಬಲ್ ಕ್ಲಿಕ್ಕೇ ಹೋಗಬೇಕು.

ಆರು ವಾರ ವೈನೊ ಆ ಶೆಲ್ಬಿಯ ಜೊತೆ ಕಾದಾಡಿದರು. ಶೆಲ್ಬಿ ಕೆಟ್ಟವಳಲ್ಲ, ಓದಿದವಳು. ಜಗತ್ತಿಗೆಲ್ಲ ಡಬಲ್ ಕ್ಲಿಕ್ ಅಭ್ಯಾಸವಾಗಿದೆ, ಆದ್ದರಿಂದ ಮೂರೂ ಉಪಕರಣಕ್ಕೆ ಅದನ್ನೇ ಇಡೋಣ ಎಂಬುದು ಅವಳ ವಾದ. ವೈನೊ ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ತಂದಿದ್ದರು, ಅದರಿಂದ ಒಂದಿಂಚು ಅಲುಗಾಡಲಿಲ್ಲ. ಎಡಗುಂಡಿ ಇಡುವುದಕ್ಕೆ. ಬಲಗುಂಡಿ ಮುಗಿಸುವುದಕ್ಕೆ. ಬೇಡವೆಂದರೆ ಕೀಬೋರ್ಡಿನ ಮೂಲೆಯ ಕೀಲಿ. ಮೌಸಿನಿಂದ ಯಾವುದೂ ಅಳಿಸಬಾರದು, ಎಲ್ಲೂ, ಎಂದಿಗೂ. ಶೆಲ್ಬಿ ಯಾಕೆ ಯಾಕೆ ಎಂದು ಕೇಳಿದಳು. ಅವರು ನಿಜ ಹೇಳುವಂತಿರಲಿಲ್ಲ. ಅದಕ್ಕೆ ತತ್ವ ಹೇಳಿದರು.

"ಮನುಷ್ಯ ಒಂದು ಮಾತನ್ನ ಒಂದ್ಸಲ ಹೇಳಿದ್ರೆ ಸಾಕು ನೋಡಮ್ಮ. ಮುಗೀತು ಅನ್ನೋಕೆ ಎರಡೆರಡು ಸಲ ಯಾಕೆ ಬಡೀಬೇಕು?"

ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕೆಳಗೆ ಎರಡು ಗೆರೆ ಎಳೆದಳು. ಇಷ್ಟು ವರ್ಷ ಓದಿ ತನಗೆ ಹೊಳೆಯದ್ದು ನೆಲಮಾಳಿಗೆಯ ಮುದುಕನಿಗೆ ಹೊಳೆದಿದೆ ಎಂದು ಮಾರ್ಲಿಸ್ ಬಳಿ ಹೇಳಿದಳಂತೆ. ಆದರೂ ನಿಯಮಕ್ಕೆ ಕೌಂಟಿಯ ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಮಂಡಳಿ ಸೇರುವುದು ಫೆಬ್ರುವರಿಯಲ್ಲಿ. ಅಷ್ಟರಲ್ಲಿ ವೈನೊ ಒಂದು ಕೈಯಿಂದ ಇನ್ನೊಂದು ಕೈ ಹಿಡಿದು ಏಳು ಹಾಳೆ ಇಳಿಸಿದ್ದರು. ನಾಲ್ಕು ಉಳಿದಿತ್ತು. ಏಳು ಹಾಳೆಗೆ ಎಷ್ಟು ಹೊಸ ಸುತ್ತುಗಳಾದವು ಎಂದು ನೀವೇ ಊಹಿಸಿಕೊಳ್ಳಿ.

ಮಂಡಳಿಯ ಸದಸ್ಯ ಕ್ಲಾರೆನ್ಸ್ ಪ್ರಿಸ್ಕ್ ಊಹಿಸಿಕೊಂಡಿದ್ದ. ಅವನ ಓಣಿ ಉಳಿದ ನಾಲ್ಕು ಹಾಳೆಗಳಲ್ಲಿತ್ತು, ಆದ್ದರಿಂದ ಅವನಿಗೆ ಸುತ್ತಿರಲಿಲ್ಲ. ಅವನ ಹೆಂಡತಿಯ ತಂಗಿಗೆ ಎರಡಿತ್ತು. ಒಬ್ಬ ಸಾರ್ವಜನಿಕ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಗಾಯ ಇಲ್ಲ. ಮೌಸಿನ ನಿಯಮ ಕೇಳುವ ದಿನವೇ ಸುತ್ತಿನ ಭ್ರಷ್ಟಾಚಾರದ ವಿಚಾರಣೆಯೂ ಆಗಲಿ ಎಂದು ಅವನು ಪಟ್ಟು ಹಿಡಿದ.

ಮಂಗಳವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಸುತ್ತಿದ್ದವರು ಬಲಗಡೆ, ಇಲ್ಲದವರು ಎಡಗಡೆ, ಮದುವೆಯಲ್ಲಿ ಕೂತಂತೆ. ಮೊದಲು ಶೆಲ್ಬಿ ಮಾತಾಡಿದಳು. ದೊಡ್ಡ ಪರದೆಯ ಮೇಲೆ ವೈನೊ ಹೇಳಿದ ಮಾತು ದಪ್ಪ ಅಕ್ಷರದಲ್ಲಿ ಬಂತು. ಯಾರೂ ಓದಲಿಲ್ಲ.

ಆಮೇಲೆ ಪ್ರಿಸ್ಕ್ ಎದ್ದ. ಯಾರು ಯಾರು ಏನೇನು ಕೊಟ್ಟರು ಎಂದು ಕೇಳಿದ. ಇದಕ್ಕೆ ಯಾರು ತಾನೇ ಉತ್ತರ ಕೊಡುತ್ತಾರೆ ಎಂದು ನಾನು ಧೈರ್ಯದಿಂದಿದ್ದೆ. ಐಲಿ ಅಜ್ಜಿ ಎದ್ದು ನಿಂತಳು. ವೈನೊ ಅವರಿಗೆ ಸಹಾಯ ಮಾಡುತ್ತಿದ್ದೇನೆ ಎಂಬ ಹೆಮ್ಮೆಯಿಂದ, ತಾನು ಇಲ್ಲಿಯವರೆಗೆ ಒಂಬತ್ತು ಮೀನು, ನಾಲ್ಕು ಬ್ರೆಡ್ಡು ಕೊಟ್ಟಿದ್ದೇನೆಂದೂ, ಅದು ಕೌಂಟಿಯಲ್ಲೇ ಹೆಚ್ಚೆಂದೂ, ಮೂರು ಸುತ್ತು ಸುಮ್ಮನೆ ಬಂದದ್ದಲ್ಲವೆಂದೂ ಸಭೆಗೆ ತಿಳಿಸಿದಳು. ಎರಡು ಸುತ್ತಿನ ಒಬ್ಬ ಹೆಂಗಸು ಎದ್ದು ತಾನು ಪ್ಯಾಸ್ಟಿ ಹನ್ನೆರಡು ಕೊಟ್ಟಿದ್ದರೂ ಎರಡೇ ಸಿಕ್ಕಿದೆ ಎಂದಳು. ಜನ ನಕ್ಕರು.

ಪ್ರಿಸ್ಕ್ ನಗಲಿಲ್ಲ. ಈ ಸುತ್ತು ನಕ್ಷೆಯೊಳಗೆ ಹೇಗೆ ಹೋಗುತ್ತದೆ ಎಂದು ಎಲ್ಲರೆದುರು ನೋಡಬೇಕು ಎಂದ. ಶೆಲ್ಬಿಯ ಕಂಪ್ಯೂಟರು ಅಲ್ಲೇ ಇತ್ತು. ಅದರ ಮೌಸನ್ನು ತಂದು ವೈನೊ ಮುಂದೆ ಇಟ್ಟ.

"ಒಂದು ರಸ್ತೆ ಎಳೀರಿ. ನಮ್ಮ ಕಣ್ಣೆದುರಿಗೆ. ಮೊದಲಿಂದ ಕೊನೇತನಕ."

ಇನ್ನೂರು ಜನ ಆ ದೊಡ್ಡ ಪರದೆಯನ್ನು ನೋಡುತ್ತಿದ್ದರು. ಪರದೆಯ ಮೇಲೆ ಬಾಣದ ಗುರುತು ಸುಮ್ಮನೆ ನಿಂತಿತ್ತು. ವೈನೊ ಅದನ್ನು ನೋಡಿದರು, ಮೌಸನ್ನು ನೋಡಿದರು. ಎರಡೂ ಕೈ ಮೇಜಿನ ಕೆಳಗೇ ಇದ್ದವು. ನಾನು ಪಕ್ಕದಲ್ಲಿದ್ದೆ, ಮೇಜಿನ ಕೆಳಗೆ ಪ್ಯಾಂಟಿನ ಬಟ್ಟೆ ಸರಸರ ಅನ್ನುವುದು ನನಗೊಬ್ಬನಿಗೇ ಕೇಳುತ್ತಿತ್ತು.

"ಅದೆಲ್ಲ ಬೇಡ ಕ್ಲಾರೆನ್ಸ್," ಎಂದರು. "ಮೀನು ತಿಂದೆ. ಅದಕ್ಕೇ ಸುತ್ತು ಕೊಟ್ಟೆ. ಬರ್ಕೊಳ್ಳಿ."

ಮಾರ್ಲಿಸ್ ಮೂವತ್ತೊಂದು ವರ್ಷವನ್ನು ನೆನೆಸಿಕೊಂಡು, ನಿಜವೇ ಎಂದು ಮೆಲ್ಲಗೆ ಕೇಳಿದರು. ನಿಜ ಎಂದರು ವೈನೊ. ಸಭೆ ಮತ್ತೆ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, ಮೂರು ಸುತ್ತಿಗೆ ಮೀನೆಷ್ಟು, ಮೀನಿಲ್ದಿದ್ರೆ ಮೊಲ ಕೊಟ್ರೆ ನಡೆಯುತ್ತಾ ಎಂದ. ವೈನೊ ಕೂಡ ಸಣ್ಣಗೆ ನಕ್ಕರು. ಕಳ್ಳನಾಗಿ ಮನೆಗೆ ಹೋದರೆ ಪರವಾಗಿಲ್ಲ, ಆ ಒಂದು ಗೆರೆಯನ್ನು ಜನರೆದುರು ಎಳೆಯುವುದು ಬೇಡ. ಅಷ್ಟೇ ಅವರ ಲೆಕ್ಕ. ಕಳ್ಳ ಅಂದರೆ ವಿಚಾರಣೆ ನಡೆಯುತ್ತದೆ, ವಿಚಾರಣೆ ಬೇಸಿಗೆಯವರೆಗೆ ಎಳೆಯುತ್ತದೆ, ಅಷ್ಟರೊಳಗೆ ನಾಲ್ಕು ಹಾಳೆ ಮುಗಿಸಬಹುದು ಎಂದೂ ಅಂದುಕೊಂಡಿದ್ದರೋ ಏನೋ. ಆಮೇಲೆ ಕೇಳಲು ನನಗೆ ಅವಕಾಶ ಸಿಗಲಿಲ್ಲ.

ಯಾಕೆಂದರೆ ನಾನು ಎದ್ದು ನಿಂತಿದ್ದೆ. ನನ್ನ ಬಾಯಿ ಜೋರು ಎಂದು ಮೊದಲೇ ಹೇಳಿದ್ದೇನೆ.

"ಸುಳ್ಳು ಹೇಳ್ತಿದಾರೆ. ಅವರು ಯಾರಿಗೂ ಏನೂ ಕೊಟ್ಟಿಲ್ಲ. ಅವರ ಕೈ ನಡುಗತ್ತೆ. ಎರಡ್ಸಲ ಬೇಗ ಒತ್ತೋಕಾಗಲ್ಲ, ಅದಕ್ಕೇ ಚುಕ್ಕಿ ಹೆಚ್ಚಾಗತ್ತೆ, ಅದಕ್ಕೇ ಲಾರಿ ಸುತ್ತತ್ತೆ. ಅಷ್ಟೇ ನಿಮ್ಮ ಭ್ರಷ್ಟಾಚಾರ. ನೋಡ್ಬೇಕಿದ್ರೆ ಅವರ ಸ್ವಂತ ಓಣಿ ನೋಡಿ, ಅದಿನ್ನೂ ಹಳೇ ಹಾಳೇಲಿದೆ, ಅಲ್ಲಿ ಒಂದು ಸುತ್ತೂ ಇಲ್ಲ. ಬೆಳಿಗ್ಗೆ ಅವರೇ ಸಲಿಕೆ ಹಿಡಿದು ದಿಬ್ಬ ಒಡೀತಾರೆ, ಆ ಕೈಯಲ್ಲಿ."

ನಗು ನಿಂತಿತು. ಐಲಿ ಅಜ್ಜಿ ಮತ್ತೆ ಎದ್ದು ಕೇಳಿದಳು:

"ಹಾಗಾದ್ರೆ ನನ್ನ ಮೂರು ಸುತ್ತು, ಅದು ಮೀನಿಗೆ ಬಂದದ್ದಲ್ವಾ?"

ಅಜ್ಜಿ ಮೆಲ್ಲಗೆ ಕೂತಳು. ಅವಳಿಗೆ ಅದು ನಿಜವಾದ ನಷ್ಟ.

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಈಗಲೂ ಮೈ ಉರಿಯುತ್ತದೆ. ಜನ ಒಳ್ಳೆಯವರಾಗಿಬಿಟ್ಟರು. ಒಂದೇ ನಿಮಿಷದಲ್ಲಿ, ಎಲ್ಲರೂ ಒಟ್ಟಿಗೆ. ಮೊಲ ಕೇಳಿದವನು ಮುಂದೆ ಬಂದು ಬೆನ್ನು ತಟ್ಟಿದ. ಪ್ರಿಸ್ಕ್ ಕಣ್ಣೊರೆಸಿಕೊಂಡು ಭಾಷಣ ಮಾಡಿದ. ಆರು ವಾರ ವಾದಿಸಿ ಇತ್ಯರ್ಥ ಮಾಡಿದ್ದ ನಿಯಮವನ್ನು ಮಂಡಳಿ ಓದದೆಯೇ ಸರ್ವಾನುಮತದಿಂದ ಒಪ್ಪಿತು. ಮೂರೂ ಉಪಕರಣದಲ್ಲಿ ಎಡಗುಂಡಿ ಇಡುವುದಕ್ಕೆ, ಬಲಗುಂಡಿ ಮುಗಿಸುವುದಕ್ಕೆ. ಇನ್ನು ಹದಿನೈದು ದಿನದಲ್ಲಿ ಜಾರಿ. ಅದೇ ಉಸಿರಿನಲ್ಲಿ, ವೈನೊ ಹಕಾಲಾ ಅವರಿಗೆ ಶುಕ್ರವಾರದಿಂದ ಗೌರವಪೂರ್ವಕ ವಿಶ್ರಾಂತಿ. ಯಾವ ನಿಯಮ ಬಂದರೆ ಅವರು ಆ ಕೈಯಲ್ಲೇ ನಾಲ್ಕು ಹಾಳೆ ಮುಗಿಸಬಹುದಿತ್ತೋ ಆ ನಿಯಮವನ್ನೂ ಕೊಟ್ಟರು, ಅವರನ್ನೂ ಕಳಿಸಿದರು. ಯಾರಿಗೂ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾನು ಕೂಗಾಡಿದೆ. ಹುಡುಗ ಭಾವುಕನಾಗಿದ್ದಾನೆ ಎಂದು ನನಗೆ ನೀರು ಕೊಟ್ಟರು.

ಎಲ್ಲರಿಗೂ ಸಮಾನವಾಗಿರಲಿ ಎಂದು ಹೆಚ್ಚಿನ ಚುಕ್ಕಿಗಳನ್ನೆಲ್ಲ ಅಳಿಸಲು ಆದೇಶವಾಯಿತು. ಯಾರಿಗೂ ಸುತ್ತಿಲ್ಲ. ಬಲಗಡೆಯವರಿಗೂ ಎಡಗಡೆಯವರಿಗೂ ಸೌನಾದಲ್ಲಿ ರಾಜಿಯಾಯಿತು. ಐಲಿ ಅಜ್ಜಿ ಮತ್ತೆ ಸಲಿಕೆ ಹಿಡಿದಳು, ಚರ್ಚಿನಲ್ಲಿ ಮತ್ತೆ ಹಿಂದಿನ ಸಾಲಿಗೆ ಹೋದಳು.

ಶುಕ್ರವಾರ ಕೇಕು ಬಂತು. ಕೇಕಿನ ಮೇಲೆ ಸಕ್ಕರೆಯಲ್ಲಿ ಕೌಂಟಿಯ ನಕ್ಷೆ, ನಡುವೆ ಒಂದು ಮೌಸು. ಹೂವೂ ಇತ್ತು, ಅವರು ಹೇಳಿದಂತೆಯೇ. ಮಾರ್ಲಿಸ್ ಚಾಕುವನ್ನು ವೈನೊ ಕೈಗೆ ಕೊಟ್ಟರು. ಅವರು ಹಿಡಿದು ಕೇಕಿನ ಹತ್ತಿರ ತಂದರು. ಚಾಕುವಿನ ಮೊನೆ ಸಕ್ಕರೆಯ ಮೇಲೆ ಒಂದು ಸಣ್ಣ ಅಂಕುಡೊಂಕು ಗೆರೆ ಬರೆಯಿತು. ಕೂಡಲೇ ಯಾರೋ ತುಂಬ ಪ್ರೀತಿಯಿಂದ, ಕೊಡಿ, ನಾನು ಕತ್ತರಿಸ್ತೀನಿ ಎಂದು ಕೈಯಿಂದ ಚಾಕು ತೆಗೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋಗುವಾಗ ಅವರು ನನ್ನ ಮೇಜಿನ ಬಳಿ ನಿಂತರು. ಡ್ರಾಯರಿನ ಬೀಗದ ಕೈ ಇಟ್ಟರು.

"ನಿನ್ನ ನಾನು ಒಂದೇ ಒಂದು ಕೇಳಿದ್ದೆ," ಎಂದರು.

ನಿಮ್ಮನ್ನು ಕಳ್ಳ ಅಂದರೆ ಕೇಳಿಸಿಕೊಂಡು ಕೂರಲೇ ಎಂದು ಹೇಳಲು ಹೋದೆ. ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು, ಎಡಗೈಯಲ್ಲಿ ಕಂಬಿ ಹಿಡಿದು.

ಹೊಸ ನಿಯಮದ ಮೌಸು ಬಂತು. ಸತ್ಯ ಹೇಳಬೇಕೆಂದರೆ, ಬಹಳ ಚೆನ್ನಾಗಿದೆ. ಯಾವ ಉಪಕರಣದಲ್ಲಿದ್ದೇನೆ ಎಂದು ಕೈ ಯೋಚಿಸುವುದೇ ಇಲ್ಲ. ಮಾರ್ಲಿಸ್ ಕೂಡ ಏನನ್ನೂ ಅಳಿಸಿಲ್ಲ. ಶೆಲ್ಬಿ ಇದನ್ನು ಬೇರೆ ಊರುಗಳಲ್ಲೂ ಹೇಳುತ್ತಾಳಂತೆ. ಉಳಿದ ನಾಲ್ಕು ಹಾಳೆಗಳನ್ನು ನನಗೆ ಕೊಟ್ಟರು. ಬೇಗ ಮುಗಿಸು ಎಂದರು, ನಾನು ಬೇಗ ಮುಗಿಸಲಿಲ್ಲ. ಶಾಯಿಯ ಒಂದೊಂದು ಗೆರೆಯನ್ನೂ ಅವರ ಗೆರೆಯ ಮೇಲೆ ಕೂರುವ ಹಾಗೆ ಇಳಿಸಿದೆ. ಮಾರ್ಚಿನ ಎರಡನೆಯ ವಾರ ಕೊನೆಯ ಹಾಳೆಗೆ ಬಂದೆ. ಕೊನೆಯ ಹಾಳೆಯ ಕೊನೆಯ ಓಣಿಯ ಕೊನೆಯ ಮನೆ ಅವರದು. ಬೇಕೆಂದೇ ಅದನ್ನು ಕಡೆಗೆ ಇಟ್ಟುಕೊಂಡಿದ್ದರು.

ಎಡಗುಂಡಿಯಿಂದ ಚುಕ್ಕಿ ಇಡುತ್ತ ಅವರ ಮನೆ ಬಾಗಿಲಿಗೆ ಬಂದೆ. ತುದಿಯ ಚುಕ್ಕಿ ಇಟ್ಟೆ. ಅದರ ಮೇಲೆ ಇನ್ನೊಂದು ಇಟ್ಟೆ. ಇನ್ನೊಂದು. ಇನ್ನೊಂದು. ನಿಧಾನವಾಗಿ, ಅವರು ಇಡುತ್ತಿದ್ದಷ್ಟೇ ನಿಧಾನವಾಗಿ. ಬಲಗುಂಡಿ ಒತ್ತಿದೆ. ತಪಾಸಣೆ ಮಾಡುವವನೂ ನಾನೇ ಆದ್ದರಿಂದ ಎಲ್ಲ ಸರಿಯಿದೆ ಎಂದು ಸಹಿ ಹಾಕಿದೆ.

ಎರಡು ದಿನದ ಮೇಲೆ ಹಿಮ ಬಿತ್ತು. ಮಧ್ಯಾಹ್ನ ರೂಡಿ ಬೂಟಿನ ಹಿಮ ಕೂಡ ಕೊಡವದೆ ನೆಲಮಾಳಿಗೆಗೆ ಇಳಿದು ಬಂದ. ಖಾಲಿ ಇದ್ದ ವೈನೊ ಕುರ್ಚಿಯಲ್ಲಿ ಕೂರಲು ಹೋಗಿ, ಕೂರದೆ, ಮೇಜಿಗೆ ಒರಗಿ ನಿಂತ. ಪರದೆ ಹೇಳಿತು, ನಾನು ತಿರುಗಿದೆ ಎಂದ. ಮೊದಲನೆಯ ಸುತ್ತಿಗೆ ವೈನೊ ಬಾಗಿಲು ತೆರೆದರಂತೆ. ಕೈಯಲ್ಲಿ ಸಲಿಕೆ ಇತ್ತಂತೆ. ಎರಡನೆಯ ಸುತ್ತಿಗೆ ಸಲಿಕೆ ಗೋಡೆಗೆ ಒರಗಿಸಿದರಂತೆ. ಮೂರನೆಯದು ಮುಗಿಯುವವರೆಗೂ ಉಣ್ಣೆಯ ಅಂಗಿಯಲ್ಲೇ ಮೆಟ್ಟಿಲ ಮೇಲೆ ನಿಂತಿದ್ದು, ಆಮೇಲೆ ಗುಡಿಸಿದ ಆ ಗುಂಡನೆಯ ಜಾಗವನ್ನು ದಾಟಿ ಲಾರಿಯ ಹತ್ತಿರ ಬಂದರಂತೆ. ಕೈ ಎರಡೂ ಜೇಬಿನಲ್ಲಿ.

"ಏನಂದ್ರು?" ಎಂದೆ.

ರೂಡಿ ಟೋಪಿ ತೆಗೆದು ಹಿಂಡಿದ.

"ಲಾಹ್ತಿ ಹುಡುಗನಿಗೆ ಹೇಳು ಅಂದ್ರು. ಒಂದ್ಸಲ ಹೇಳಿದ್ರೆ ಸಾಕಿತ್ತು, ಅಂತ."

ಅವನು ಹೋದ ಮೇಲೆ ಕೊನೆಯ ಹಾಳೆ ತೆರೆದೆ. ಗೆರೆಯ ತುದಿಗೆ ಹೋಗಿ ಎರಡು ಚುಕ್ಕಿ ತೆಗೆದೆ. ಹೆಚ್ಚಿನದರಲ್ಲಿ ಒಂದನ್ನು, ಒಂದು ಸುತ್ತಿಗೆಂದು, ಇದ್ದಲ್ಲೇ ಬಿಟ್ಟೆ. ಬಲಗುಂಡಿ ಒತ್ತಿದೆ, ಒಂದೇ ಸಲ.